ಕೆರೆ ತಿರುವಿಗೊಂದು ಪಂಪು

ಬೋಜನ ಸೈಕಲ್ ಶಾಪಿನ ಎದುರು ಬಾಡಿಗೆ ಓಡಿಸುವ ಪುನೀತನ ಜೀಪು ನಿಂತಾಗ ಚಂದ್ರು ಮೊದಲು ಊರುಗೋಲನ್ನು ಇಳಿಸಿದ, ಆಮೇಲೆ ಎಡಗಾಲು, ಕೊನೆಗೆ ರಾಡು ಹಾಕಿಸಿಕೊಂಡ ಬಲಗಾಲು. ಸುಂಟಿಕೊಪ್ಪದ ಪೇಟೆಯ ಕಡೆ ಅವನು ಬಾರದೆ ತಿಂಗಳುಗಳೇ ಆಗಿದ್ದವು.

"ಯಾರಪ್ಪ ಇದು, ಚಂದ್ರುನಾ? ಬದುಕಿದ್ದೀಯಾ ಮಾರಾಯ?" ಎಂದ ಬೋಜ, ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಲೇ.

"ಬದುಕಿದ್ದೀನಿ ಬೋಜಣ್ಣ. ಒಂದು ಪಂಪು ಬೇಕಿತ್ತು. ಸೈಕಲ್ ಮೇಲೇ ಇಟ್ಕೊಂಡು ಹೋಗೋ ಅಂಥದ್ದು."

"ನೀನು ಸೈಕಲ್ ಹೊಡೀತೀಯಾ ಈ ಕಾಲಲ್ಲಿ?"

"ನಂಗಲ್ಲ. ಮಾಲತಿಗೆ."

ಬೋಜ ಟ್ಯೂಬು ಬಿಟ್ಟು ತಲೆ ಎತ್ತಿದ. ಚಂದ್ರುವಿನ ಹೆಂಡತಿಯನ್ನು ಅವನು ದಿನಾ ನೋಡುವವನೇ. ಶಾಪಿನ ಪಕ್ಕದ ಹೋಟೆಲಿನಲ್ಲಿ ಅವಳು ಇಡ್ಲಿ ಬೇಯಿಸುತ್ತಾಳೆ. ತೋಟದ ಆಳುಗಳನ್ನು ತುಂಬಿಕೊಂಡು ಜೀಪುಗಳು ಹೊರಡುವ ಮೊದಲು ಇಡ್ಲಿ ಇಳಿದಿರಬೇಕು. ಅಂದರೆ ಬೆಳಕು ಹರಿಯುವ ಮೊದಲೇ ಅವಳು ಮನೆ ಬಿಟ್ಟಿರಬೇಕು. ಆ ಹೊತ್ತಿಗೆ ಬಸ್ಸಿಲ್ಲ, ಜೀಪಿಲ್ಲ. ಇರುವುದು ಚಂದ್ರುವಿನ ಅಣ್ಣನ ಮಗಳಿಗೆ ಶಾಲೆಯಲ್ಲಿ ಕೊಟ್ಟಿದ್ದ ಸೈಕಲ್ಲು. ಆ ಹುಡುಗಿ ಓದು ಮುಗಿಸಿ ಮದುವೆಯಾಗಿ ಹೋದ ಮೇಲೆ ಅದು ಮಾಲತಿಯ ಪಾಲಿಗೆ ಬಂದಿತ್ತು.

ಎರಡು ವರ್ಷದ ಹಿಂದೆ, ಕಾಳುಮೆಣಸು ಕೊಯ್ಯುವಾಗ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ್ದ ಬಿದಿರ ಏಣಿ ಜಾರಿ ಚಂದ್ರು ಬಿದ್ದ. ಸೊಂಟವೂ ಬಲಗಾಲೂ ಮುರಿದವು. ಅವನು ಮಂಚ ಹಿಡಿದ ಮೇಲೆ ಮಾಲತಿ ಹೋಟೆಲಿಗೆ ಸೇರಿದಳು. ಮನೆಯಿಂದ ಪೇಟೆಗೆ ದಾರಿ ದೂರವೇನಲ್ಲ. ಆದರೆ ಅದು ತೋಟದ ನಡುವೆ ಹೋಗುತ್ತದೆ. ಕೆರೆ ತಿರುವಿನಲ್ಲಿ ರಸ್ತೆ ಇಕ್ಕಟ್ಟಾಗಿ, ಒಂದು ಕಡೆ ಕಾಫಿ, ಇನ್ನೊಂದು ಕಡೆ ಕೆರೆ. ರಾತ್ರಿಯೆಲ್ಲ ತೋಟದಲ್ಲಿ ಹಲಸು ತಿಂದ ಆನೆಗಳು ಅಲ್ಲೇ ನೀರು ಕುಡಿದು, ಅಲ್ಲೇ ರಸ್ತೆ ದಾಟಿ ಕಾಡಿಗೆ ಮರಳುವುದು. ಅದೂ ಸರಿಯಾಗಿ ಮಾಲತಿ ಹೋಗುವ ಹೊತ್ತಿಗೆ. ಸರ್ರನೆ ದಾಟಿ ಹೋಗುವ ಸೈಕಲ್ಲಿಗೆ ಆನೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅಲ್ಲಿ ನಿಲ್ಲಬಾರದು, ಅಷ್ಟೇ. ಹೋದ ವರ್ಷ ತೋಟದ ಆಳುಗಳ ಲೈನ್ ಮನೆಯ ಮಲ್ಲ ಬೀಡಿ ಹಚ್ಚಲು ನಿಂತದ್ದು ಅಲ್ಲೇ. ಅವನ ಒಂದು ಚಪ್ಪಲಿ ಮಾರನೇ ದಿನ ಕೆರೆಯಲ್ಲಿ ತೇಲುತ್ತಿತ್ತು.

ಈಗ ಮಳೆಗೆ ಮುಂಚಿನ ಮರಕಪಾತಿನ ಕಾಲ. ನೆರಳಿಗೆ ಬೆಳೆಸಿದ ಹಾಲವಾಣದ ಕೊಂಬೆಗಳನ್ನು ಕಡಿದು ರಸ್ತೆ ಬದಿಗೆ ಎಳೆದು ಹಾಕುತ್ತಾರೆ. ಅದರ ಮುಳ್ಳು ದಾರಿಯೆಲ್ಲ ಉದುರಿರುತ್ತದೆ. ವಾರದಲ್ಲಿ ಒಂದು ಸಲವಾದರೂ ಮಾಲತಿಯ ಟೈರಿಗೆ ಮುಳ್ಳು ಹೊಕ್ಕು, ಗಾಳಿ ಮೆಲ್ಲಗೆ ಇಳಿದು, ಹೆಚ್ಚುಕಡಿಮೆ ಕೆರೆ ತಿರುವಿನ ಹತ್ತಿರವೇ ಚಕ್ರ ಕೂತುಬಿಡುತ್ತಿತ್ತು. ಹೊತ್ತು ಬದಲಿಸಲು ಹೋಟೆಲಿನವರು ಒಪ್ಪರು. ಕೆಲಸ ಬಿಟ್ಟರೆ ಒಲೆ ಉರಿಯದು. ಹಾಗಾಗಿ ಚಂದ್ರು ಹಗಲೆಲ್ಲ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದ. ಮುಳ್ಳನ್ನು ಕೀಳದೆ ಗಾಳಿ ತುಂಬಿಸಿಕೊಂಡರೆ ಪೇಟೆಯ ತನಕ ಚಕ್ರ ಎಳೆಯುತ್ತದೆ. ಬೇಕಾದದ್ದು ಕೈಕೊಡದ ಒಂದು ಪಂಪು.

ಬೋಜ ಗಾಜಿನ ಪೆಟ್ಟಿಗೆಯಿಂದ ಎರಡನ್ನು ತೆಗೆದಿಟ್ಟ. ಒಂದು ಗೇಣುದ್ದದ ಕೈಪಂಪು. ಇನ್ನೊಂದು ಮೊಬೈಲಿಗಿಂತ ಸ್ವಲ್ಪ ದಪ್ಪನೆಯ, ಚಾರ್ಜು ಮಾಡಿ ಬಟನ್ ಒತ್ತುವ ಪಂಪು.

"ಇದು ಹೋಂಸ್ಟೇಗೆ ಬರೋ ಟೂರಿಸ್ಟುಗಳು ತಗೊಳ್ಳೋದು," ಎಂದ ಬೋಜ. "ಸಿಕ್ಕಿಸು, ಒತ್ತು, ಸುಮ್ಮನೆ ನಿಲ್ಲು. ಎರಡು ನಿಮಿಷದಲ್ಲಿ ಚಕ್ರ ಕಲ್ಲು. ಈ ಕೈಪಂಪು ಹೊಡೆದು ಹೊಡೆದು ತೋಳು ಬೀಳ್ತದೆ."

"ನಮ್ಮ ಸೈಕಲ್ ಮೂತಿಗೆ ಹಿಡಿಯುತ್ತಾ? ಅದು ಹಳೇ ವಾಲ್‌ಟ್ಯೂಬಿನದು."

"ಪರವಾಗಿಲ್ಲ, ಬುದ್ಧಿ ಮುರಿದಿಲ್ಲ ನಿಂದು," ಎಂದು ನಕ್ಕ ಬೋಜ, ಬೆರಳ ತುದಿಯಷ್ಟಿದ್ದ ಹಿತ್ತಾಳೆಯ ಮೂತಿಯೊಂದನ್ನು ಡಬ್ಬಿಯಿಂದ ಹುಡುಕಿ ತೆಗೆದ. "ಇದನ್ನ ನಡುವೆ ಹಾಕು. ಕಳೆದ್ರೆ ಮಾತ್ರ ಪಂಪೂ ಕಸ, ಸೈಕಲ್ಲೂ ಕಸ."

ಚಂದ್ರು ಬಟನ್ನಿನದನ್ನೇ ಕೊಂಡ. ದಾರಿಯುದ್ದಕ್ಕೂ ಅದನ್ನು ಅಂಗೈಯಲ್ಲಿ ತೂಗಿ ನೋಡಿದ. ಎರಡು ವರ್ಷದಿಂದ ಹೆಂಡತಿಯ ಕೈಯಿಂದ ಇಸಿದುಕೊಂಡು ಉಂಡವನಿಗೆ, ಅವಳ ಕೈಗೆ ಕೊಡಲು ಏನೋ ಒಂದು ಸಿಕ್ಕಿತ್ತು.

ಸಂಜೆ ಅಂಗಳದಲ್ಲಿ ಪರೀಕ್ಷೆ ನಡೆಯಿತು. ಬಟನ್ ಒತ್ತಿದ್ದೇ ತಡ ಪಂಪು ಕಿರ್ರೋ ಎಂದು ಕೂಗಿತು. ಪಕ್ಕದ ಮನೆಯ ನಾಯಿ ಬೊಗಳಿತು. ಆ ಮನೆಯ ರುದ್ರಮ್ಮ ಬೇಲಿಯಾಚೆಯಿಂದ ಇಣುಕಿ, "ಏನ್ ಮಾಲತಿ, ಮಿಕ್ಸಿನ ಅಂಗಳಕ್ಕೆ ತಂದಿದ್ದೀಯಾ?" ಎಂದಳು. ಚಂದ್ರು ನಕ್ಕ. ಚಕ್ರ ನಿಜವಾಗಿಯೂ ಕಲ್ಲಿನ ಹಾಗಾಯಿತು.

"ಹೆಂಗದೆ?" ಎಂದು ಕೇಳಿದ.

ಮಾಲತಿ ಒಂದು ಗಳಿಗೆ ಪಂಪನ್ನೇ ನೋಡಿದಳು. "ಚೆನ್ನಾಗದೆ," ಎಂದಳು. ಹಿತ್ತಾಳೆ ಮೂತಿಯನ್ನು ದಾರದಲ್ಲಿ ಪಂಪಿಗೇ ಬಿಗಿದು ಸೈಕಲ್ಲಿನ ಬುಟ್ಟಿಯಲ್ಲಿಟ್ಟುಕೊಂಡಳು.

ಮುಂದಿನ ದಿನಗಳಲ್ಲಿ ಅವನು ತುಸು ನೆಮ್ಮದಿಯಾಗಿ ಮಲಗಿದ. ಅವಳು ಬಾಗಿಲು ಎಳೆದುಕೊಂಡ ಸದ್ದು, ಸೈಕಲ್ಲಿನ ಸ್ಟ್ಯಾಂಡು ತೆಗೆದ ಸದ್ದು ಕೇಳಿ ಎಚ್ಚರವಾದರೂ ಮೊದಲಿನಂತೆ ಬೆಳಕು ಹರಿಯುವ ತನಕ ಕಣ್ಣು ಬಿಟ್ಟುಕೊಂಡಿರದೆ ಮತ್ತೆ ನಿದ್ದೆ ಹೋಗುತ್ತಿದ್ದ. ಎರಡು ಸಲ ಮುಳ್ಳು ಚುಚ್ಚಿತ್ತೆಂದು ಅವಳೇ ಹೇಳಿದಳು. "ಪಂಪು ಹಾಕಿದ್ಯಾ?" ಎಂದರೆ "ಹೂಂ" ಎಂದಳು.

ಒಂದು ಮಧ್ಯಾಹ್ನ ಚಾರ್ಜಿಗೆ ಹಾಕೋಣವೆಂದು ಅವನು ಪಂಪನ್ನು ಬುಟ್ಟಿಯಿಂದ ತೆಗೆದ. ಪಕ್ಕದಲ್ಲಿದ್ದ ಸಣ್ಣ ದೀಪಗಳೆಲ್ಲ ಉರಿಯುತ್ತಿದ್ದವು. ಅಂಗಳದ ಪರೀಕ್ಷೆಯಾದ ಮೇಲೆ ತಾನೇ ಪೂರ್ತಿ ಚಾರ್ಜು ಮಾಡಿ ಕೊಟ್ಟಿದ್ದು ನೆನಪಾಯಿತು. ಎರಡು ಸಲ ಗಾಳಿ ತುಂಬಿಸಿದ್ದರೆ ಒಂದು ದೀಪವಾದರೂ ಆರಬೇಕಿತ್ತು. ದಾರದ ಗಂಟು ಕೂಡ ಕಟ್ಟಿದ ಹಾಗೇ ಇತ್ತು.

ಮಾಲತಿ ಪಾತ್ರೆ ತೊಳೆಯುತ್ತಿದ್ದಳು.

"ಇದನ್ನ ನೀನು ಹಾಕೇ ಇಲ್ಲ," ಎಂದ ಚಂದ್ರು.

ಅವಳು ಇನ್ನೊಂದು ಪಾತ್ರೆ ಎತ್ತಿಕೊಂಡಳು.

"ಮತ್ತೆ ಎರಡು ಸಲ ಏನ್ ಮಾಡ್ದೆ?"

"ತಳ್ಕೊಂಡು ಹೋದೆ."

"ಆ ತಿರುವಲ್ಲಿ? ಕತ್ತಲೇಲಿ? ಕೂತ ಚಕ್ರ ತಳ್ಕೊಂಡು?" ಅವನ ದನಿ ಏರಿತು. "ನಾನು ತಂದ್ಕೊಟ್ಟಿದ್ದು ಅಂತ ಬೇಡ್ವಾಯ್ತಾ? ಸತ್ತುಗಿತ್ತು ಹೋದ್ರೆ ಯಾರ್ ನೋಡೋರು?"

"ಕೂಗಾಡ್ಬೇಡಿ. ರುದ್ರಕ್ಕಂಗೆ ಕೇಳ್ತದೆ." ಮಾಲತಿ ಕೈ ಒರೆಸಿಕೊಂಡು ಬಂದು ಹೊಸ್ತಿಲ ಮೇಲೆ ಕೂತಳು. "ಅದು ಕಿರುಚುತ್ತೆ ಕಣ್ರೀ. ಮೊದಲನೇ ಸಲ ಒತ್ತೋಣ ಅಂತಾನೇ ಕೈಗೆ ತಗೊಂಡೆ. ಅಲ್ಲಿ ನಿಂತಾಗ ನಂಗಿರೋದು ಎರಡು ಕಿವಿ ಅಷ್ಟೇ. ಕಣ್ಣಿಗೆ ಏನೂ ಕಾಣಲ್ಲ, ಮಂಜು. ಇದು ಕೂಗ್ತಿದ್ರೆ ಆನೆ ಬೆನ್ನ ಹಿಂದೆ ಬಂದು ನಿಂತ್ರೂ ಗೊತ್ತಾಗಲ್ಲ. ತಳ್ಕೊಂಡು ಹೋದ್ರೆ ಕೇಳ್ಕೊಂಡಾದ್ರೂ ಹೋಗ್ಬಹುದು."

ಚಂದ್ರು ಪಂಪನ್ನು ಹೊಸ್ತಿಲ ಮೇಲಿಟ್ಟ. ತೋಟಕ್ಕೆ ಹೊಕ್ಕ ಕೂಡಲೇ ಹರಟುವವರನ್ನು "ಬಾಯ್ಮುಚ್ರೋ, ಕಿವಿ ತೆಗೀರಿ" ಎಂದು ಗದರುತ್ತಿದ್ದವನು ಅವನೇ. ಕೊಂಬೆ ಮುರಿದ ಸದ್ದು, ಕಿವಿ ಬೀಸಿದ ಸದ್ದು, ಆನೆಯ ಹೊಟ್ಟೆಯೊಳಗಿನ ಗುಡುಗು, ಇವನ್ನು ಕೇಳಿಯೇ ಅಲ್ಲಿಯ ಜನ ಬದುಕುವುದು. ಮನೆಯೊಳಗೆ ಎರಡು ವರ್ಷ ಮಲಗಿ ಅಂಥದ್ದನ್ನೇ ಮರೆತಿದ್ದ. ಅಂಗಳದಲ್ಲಿ ಕೂತು ಆರಿಸಿದ್ದ ಪಂಪು ಅಂಗಳಕ್ಕೆ ಮಾತ್ರ ಸರಿಯಿತ್ತು.

"ಹೇಳ್ಬಾರ್ದಿತ್ತಾ?" ಎಂದ ಮೆತ್ತಗೆ.

"ಅಷ್ಟು ಖುಷೀಲಿ ತಂದಿದ್ರಿ."

ಹೋಟೆಲಿಗೆ ರಜೆಯಿದ್ದ ದಿನ ಬಿಸಿಲೇರಿದ ಮೇಲೆ ಇಬ್ಬರೂ ಕೆರೆ ತಿರುವಿಗೆ ಹೊರಟರು. ಹಟ ಹಿಡಿದವನು ಚಂದ್ರುವೇ. ಎಲ್ಲಿ ಬೇಕೋ ಅಲ್ಲೇ ನೋಡಿ ಆರಿಸಬೇಕು ಎಂದ. ಬುಟ್ಟಿಯಲ್ಲಿ ಬಟನ್ ಪಂಪು, ಬೋಜನಿಂದ ನೋಡಿ ವಾಪಸು ಕೊಡುತ್ತೇನೆಂದು ತರಿಸಿಕೊಂಡ ಕೈಪಂಪು, ಮತ್ತು ಪುನೀತ ತನ್ನ ಜೀಪಿನ ಸೀಟಿನಡಿಯಿಂದ ಎಳೆದು ಕೊಟ್ಟ, ಕಾಲಲ್ಲಿ ತುಳಿಯುವ ಹಳೆಯ ಪಂಪು. "ಜೀಪಿಗಿದು ಯಾತಕ್ಕೂ ಸಾಲಲ್ಲ ಚಂದ್ರಣ್ಣ. ಅತ್ತಿಗೆ ತುಳೀಲಿ, ನಿಮ್ಮನ್ನ ತುಳಿಯೋದು ತಪ್ತದೆ," ಎಂದಿದ್ದ ಅವನು. ಆನೆಗಳ ಸುದ್ದಿ ಹಾಕುವ ವಾಟ್ಸಾಪ್ ಗ್ರೂಪಿನಲ್ಲಿ ಬೆಳಗಿನಿಂದ ಏನೂ ಬಂದಿರಲಿಲ್ಲ. ಹಗಲು ಹೊತ್ತು ಬೇರೆ. ಚಂದ್ರು ಎರಡು ಕಡೆ ಕೂತು ಸುಧಾರಿಸಿಕೊಂಡು ನಡೆದ.

ತಿರುವಿನಲ್ಲಿ ಮಾಲತಿ ವಾಲ್‌ಟ್ಯೂಬು ಸಡಿಲಿಸಿ ಹಿಂದಿನ ಚಕ್ರದ ಗಾಳಿ ಪೂರಾ ಬಿಟ್ಟಳು. ಚಂದ್ರು ಕಾಫಿಯ ಕಡೆ ಮುಖ ಮಾಡಿ ರಸ್ತೆ ಬದಿಯ ಮಣ್ಣಿನ ದರೆಯ ಮೇಲೆ ಕೂತ.

ಮೊದಲು ದಾರ ಬಿಚ್ಚಿ, ಹಿತ್ತಾಳೆ ಮೂತಿ ಹಾಕಿ, ಬಟನ್ನಿನದು. ಅದು ಕೂಗತೊಡಗಿದ ಕೂಡಲೇ ಅವನು ಕಣ್ಣು ಮುಚ್ಚಿ ಕಿವಿಗೊಟ್ಟ. ಹಕ್ಕಿಯಿಲ್ಲ, ಎಲೆಯಿಲ್ಲ, ತನ್ನ ಉಸಿರೂ ಇಲ್ಲ. "ನಿಲ್ಸು, ನಿಲ್ಸು," ಎಂದ.

ಗಾಳಿ ಮತ್ತೆ ಬಿಟ್ಟು ಕೈಪಂಪು ಸಿಕ್ಕಿಸಿದಳು. ಸದ್ದೇನೋ ಕಡಿಮೆ. ಆದರೆ ಮಂಡಿಯೂರಿ, ತಲೆ ಬಗ್ಗಿಸಿ, ತೋಟಕ್ಕೆ ಬೆನ್ನು ಹಾಕಿಯೇ ಹೊಡೆಯಬೇಕು. ಅವಳು ಏದುಸಿರು ಬಿಡುತ್ತ ಹೊಡೆದೇ ಹೊಡೆದಳು. ಚಕ್ರ ಅರ್ಧವೂ ಏಳಲಿಲ್ಲ. ಇದೂ ಅಲ್ಲ ಎಂದು ಹೇಳಲು ಚಂದ್ರು ಬಾಯಿ ತೆರೆದ.

ಎದುರಿನ ಕಾಫಿ ಗಿಡಗಳ ನೆತ್ತಿ ಅಲ್ಲಾಡುತ್ತಿತ್ತು. ಗಾಳಿ ಬೀಸುತ್ತಿರಲಿಲ್ಲ.

ಅವನು ಊರುಗೋಲು ಚಾಚಿ ಅದರ ತುದಿಯಿಂದ ಅವಳ ಭುಜ ಮುಟ್ಟಿದ. ಅವಳ ಕೈ ನಿಂತಿತು. ತಿರುಗಿ ನೋಡಲಿಲ್ಲ, ಕಿವಿಗೊಟ್ಟಳು. ಹಣ್ಣಾದ ಹಲಸಿನ ವಾಸನೆಯೊಳಗೆ ಇನ್ನೊಂದು ವಾಸನೆ, ಹಸಿ ಲದ್ದಿಯದು, ಬೆರೆತು ಬಂತು. ಆಮೇಲೆ ನೆಲದಡಿ ಏನೋ ಹೊರಳಿದ ಹಾಗೆ ಆ ಗುಡುಗು.

"ಹೋಗು," ಎಂದು ತುಟಿಯಲ್ಲೇ ಹೇಳಿದ ಚಂದ್ರು. "ಸೈಕಲ್ ಬಿಡು. ಇಳಿಜಾರಲ್ಲಿ ಓಡು."

ಅವಳು ಮೆಲ್ಲಗೆ ಎದ್ದಳು. ಓಡಲಿಲ್ಲ. ನಾಲ್ಕು ಹೆಜ್ಜೆ ಇಟ್ಟು ಬಂದು ದರೆಯ ಮೇಲೆ ಅವನ ಪಕ್ಕ ಕೂತಳು.

ಅವನಿಗೆ ಅವಳ ಕೆನ್ನೆಗೆ ಹೊಡೆಯುವಷ್ಟು ಸಿಟ್ಟು ಬಂತು. ಮಾತಾಡುವಂತಿರಲಿಲ್ಲ. ಗಿಡಗಳ ನಡುವೆ ಬೂದು ಬಣ್ಣದ ಗೋಡೆಯೊಂದು ಸರಿದು ಮರೆಯಾಯಿತು. ತಲೆ ಯಾವುದು, ಬಾಲ ಯಾವುದು ಗೊತ್ತಾಗಲಿಲ್ಲ. ತಿರುವಿನ ಮೇಲ್ಗಡೆ ಒಣಗಿದ ಹಾಲವಾಣದ ಕೊಂಬೆಗಳು ಪಟಪಟ ಮುರಿದವು. ಅದು ರಸ್ತೆ ದಾಟಿತು. ಎಷ್ಟೋ ಹೊತ್ತಾದ ಮೇಲೆ ಕೆರೆಯಲ್ಲಿ ನೀರು ಕಲಕಿದ ಸದ್ದು ಕೇಳಿತು.

"ನೀರಿಗಿಳೀತು," ಎಂದು ಪಿಸುಗುಟ್ಟಿದ. "ಈಗ್ಲಾದ್ರೂ ಹೋಗು. ನಾನು ಹಿಂದಿಂದ ಬರ್ತೀನಿ."

"ಬರ್ತೀರಿ, ಗೊತ್ತು," ಎಂದಳು ಮಾಲತಿ.

ಅವಳು ಪುನೀತನ ಪಂಪು ತೆಗೆದು ನೆಲದ ಮೇಲಿಟ್ಟಳು, ಅದರ ಕೊಳವೆಯನ್ನು ಹಿತ್ತಾಳೆ ಮೂತಿಗೆ ಸಿಕ್ಕಿಸಿದಳು. ಆಮೇಲೆ ನೆಟ್ಟಗೆ ನಿಂತು, ಒಂದು ಕೈ ಸೀಟಿನ ಮೇಲೆ, ಕಣ್ಣು ಕೆರೆಯ ಕಡೆ, ಪಾದದಲ್ಲಿ ಒತ್ತತೊಡಗಿದಳು. ಹುಸ್, ಹುಸ್ ಎಂದು ಮೆಲ್ಲಗೆ, ಮಲಗಿದ ಮಗು ಉಸಿರಾಡಿದ ಹಾಗೆ. ಅಷ್ಟಷ್ಟು ಒತ್ತಿ ನಿಲ್ಲುತ್ತಿದ್ದಳು, ತಲೆ ತುಸು ವಾಲಿಸಿ ಕೇಳುತ್ತಿದ್ದಳು, ಮತ್ತೆ ಒತ್ತುತ್ತಿದ್ದಳು. ಹಾಗೆ ನಿಲ್ಲುವುದು ಅವಳಿಗೇ ಗೊತ್ತಿದ್ದಂತಿರಲಿಲ್ಲ. ಚಕ್ರ ಕೂತ ಬೆಳಗುಗಳಲ್ಲಿ ಅವಳು ಇಲ್ಲಿ ಹೀಗೇ ನಿಲ್ಲುತ್ತಾಳೆ ಎಂಬುದನ್ನು ಚಂದ್ರು ಮೊದಲ ಸಲ ಕಣ್ಣಾರೆ ಕಂಡ. ಕಾಣದೆ ಹೆದರಿದ್ದಕ್ಕಿಂತ ಕಂಡು ಹೆದರುವುದು ಹೆಚ್ಚಾಗಿತ್ತು.

ಚಕ್ರ ಎದ್ದಿತು. ಅವನು ಬಗ್ಗಿ ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಇದೇ ಇರ್ಲಿ," ಎಂದ.

"ಇದೇ," ಎಂದಳು.

ಕೆರೆ ಮರೆಯಾಗುವ ತನಕ ಇಬ್ಬರೂ ಉಸಿರು ಬಿಗಿಹಿಡಿದೇ ನಡೆದರು. ಆಮೇಲೆ ಚಂದ್ರು ಕೇಳಿದ, "ಓಡು ಅಂದ್ರೆ ಬಂದು ಪಕ್ಕದಲ್ಲಿ ಕೂತ್ಯಲ್ಲ, ನಿಂಗೆ ತಲೆ ಸರಿ ಇದ್ಯಾ?"

"ನಿಮ್ಮನ್ನ ಬಿಟ್ಟು ಓಡಿದ್ರೆ ರುದ್ರಕ್ಕ ಸುಮ್ನಿರ್ತಿದ್ಳಾ? ಪಂಪು ಉಳಿಸ್ಕೊಂಡು ಗಂಡನ್ನ ಬಿಟ್ಟು ಬಂದ್ಳು ಅಂತ ಊರೆಲ್ಲ ಹೇಳೋಳು."

ಅವನಿಗೆ ನಗು ಬಂತು, ಅರ್ಧಕ್ಕೇ ನಿಂತಿತು. ನಾಳೆ ಬೆಳಕು ಹರಿಯುವ ಮೊದಲು ಅವಳು ಇದೇ ದಾರಿ ಹಿಡಿಯುತ್ತಾಳೆ. ಪಂಪು ಚೆನ್ನಾಗಿದೆ. ಅವಳು ಅದನ್ನು ಒತ್ತುತ್ತಿರುವಾಗ ಬೆನ್ನ ಹಿಂದೆ ಕಣ್ಣಿಟ್ಟು ಕೂರಲು ಅಲ್ಲಿ ಯಾರೂ ಇರುವುದಿಲ್ಲ. ಅಂಥ ಸಾಮಾನು ಬೋಜನ ಪೆಟ್ಟಿಗೆಯಲ್ಲೂ ಇಲ್ಲ.

"ಹತ್ಕೊಂಡು ಹೋಗು. ಗಾಳಿ ಐತಲ್ಲ ಈಗ," ಎಂದ. "ಮನೇಲಿ ಕೆಲಸ ಬಿದ್ದಿರ್ತದೆ."

ಮಾಲತಿ ಹೂಂ ಎಂದಳು, ಹತ್ತಲಿಲ್ಲ. ಕಲ್ಲಿನ ಹಾಗೆ ಗಾಳಿ ತುಂಬಿದ್ದ ಸೈಕಲ್ಲನ್ನು ತಳ್ಳುತ್ತ, ಅವನ ಊರುಗೋಲು ಮುಂದೆ ಬೀಳುವುದನ್ನು ಕಾದು ಕಾದು ಹೆಜ್ಜೆ ಇಟ್ಟಳು.