ಸೆರಗಿಗೆ ಹತ್ತಿದ ಸೀಮೆಸುಣ್ಣ

ಪಕ್ಕದಲ್ಲಿ ಕೂತ ಶಟ್ಟೆವ್ವನ ಸೆರಗಿನ ತುದಿಗೆ ಬಿಳಿ ಏನೋ ಹತ್ತಿದೆ, ವಿಭೂತಿ ಇರಬೇಕು, ಅಲ್ಲ, ವಿಭೂತಿಯಾದರೆ ಹಣೆಯ ಮೇಲಿರುತ್ತಿತ್ತು, ಜೋಳದ ಹಿಟ್ಟೋ ಏನೋ, ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ಬಿಟ್ಟು ಜೀಪು ಹತ್ತಿದವಳಲ್ಲವೇ — ಇಲಕಲ್ಲ ಸೀರೆಯ ಕೆಂಪು ಸೆರಗಿನ ಮೇಲೆ ಅಂಗೈಯಗಲದ ಬಿಳಿ, ಯಮುನಾಬಾಯಿ ಅದನ್ನೇ ನೋಡುತ್ತ ಕೂತಿದ್ದಾಳೆ, ಬೈಲಹೊಂಗಲದ ಆಸ್ಪತ್ರೆಯ ಈ ಬೆಂಚಿನ ಮೇಲೆ ಕೂತು ನೋಡುವುದಕ್ಕೆ ಬೇರೆ ಏನಿದೆ, ಎದುರಿಗೆ ಮುಚ್ಚಿದ ಬಾಗಿಲು, ಬಾಗಿಲಾಚೆ ಮಗಳು ರಂಜನಾ, ಅವಳ ಏಳು ತಿಂಗಳ ಹೊಟ್ಟೆ, ಹೊಟ್ಟೆಯೊಳಗಿನದು ನಿನ್ನೆ ಸಂಜೆಯಿಂದ ಮಿಸುಕಾಡಿಲ್ಲ. ಅವ್ವಾ, ಕೂಸು ಒದೀವಲ್ದು, ಅಂದಿದ್ದಳು ಬೆಳಿಗ್ಗೆ, ಎಷ್ಟು ಮೆಲ್ಲಗೆ ಅಂದಳು, ಹಾಲು ಒಡೆದಿದೆ ಅನ್ನುವ ಹಾಗೆ. ಊರಿನಿಂದ ಜೊತೆಗೇ ಬಂದ ಮುಕುಂದ ಡಾಕ್ಟರು ಒಳಗೆ ಕೂಸಿನ ಎದೆಬಡಿತ ಹುಡುಕುತ್ತಿದ್ದಾರೆ, ಇಲ್ಲಿಯ ಯಂತ್ರ ಕೆಟ್ಟಿದೆಯಂತೆ, ಯಮುನಾಬಾಯಿಯ ಕೊಳವೆಯಿಂದಲೇ, ನರ್ಸಿನ ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಿಕ್ಕ ಮರದ ಕೊಳವೆ, ಹೆರಿಗೆಗೆ ಬಂದ ಎಷ್ಟು ಹೆಣ್ಣುಮಕ್ಕಳ ಹೊಟ್ಟೆಯ ಮೇಲಿಟ್ಟು ಕಿವಿಗೊಟ್ಟಿದ್ದಾಳೋ, ಅವಳ ಕಿವಿ ತಾಗಿ ತಾಗಿ ಅದರ ಅಂಚು ನುಣುಪಾಗಿದೆ. ಕೊಳವಿ ಇಲ್ಲೆ ಕೊಡ್ರಿ ಸಿಸ್ಟರ್, ನೀವು ಹೊರಗ ಕೂಡ್ರಿ, ಇವತ್ತ ತಾಯಿ ಆಗಿ ಇರ್ರಿ, ನರ್ಸಕಿ ನಾಳೆ ಮಾಡೀರಂತ. ಅಷ್ಟು ಚಿಕ್ಕ ಹುಡುಗ, ಅವಳಿಗೆ ಮಗನಾಗಬಹುದಾದ ವಯಸ್ಸಿನವನು, ಗದರಿಸಿ ಹೊರಗೆ ಕೂಡಿಸಿದ, ಪುಣ್ಯಾತ್ಮ. ಆ ಬಿಳಿ ಹಿಟ್ಟಲ್ಲ. ಹಿಟ್ಟಾಗಿದ್ದರೆ ಇಷ್ಟು ಹೊತ್ತಿಗೆ ಉದುರಿಹೋಗುತ್ತಿತ್ತು.

ಸೀಮೆಸುಣ್ಣ. ಹೌದು, ಸೀಮೆಸುಣ್ಣವೇ, ಇವಳು ನಿನ್ನೆಯಿಂದ ಸೀರೆ ಬದಲಿಸಿಲ್ಲ, ಮನೆಗೆ ಹೋಗಿದ್ದರೆ ತಾನೆ, ಹೋದದ್ದು ಬೆಳಿಗ್ಗೆ ರೊಟ್ಟಿಗೆ ಕೂತಷ್ಟೇ ಹೊತ್ತು — ಪುಣೆಯಲ್ಲಿ ಹಂದಿಜ್ವರ ಅಂತ ಪೇಪರಿನಲ್ಲಿ ಬಂದಾಗ ಪುಣೆ ಎಷ್ಟು ದೂರ ಅನಿಸಿತ್ತು, ಆದರೆ ಪುಣೆಯ ಬಸ್ಸು ಕಿತ್ತೂರಿನಲ್ಲಿ ನಿಲ್ಲುತ್ತದೆ, ಗಣಪತಿ ಹಬ್ಬಕ್ಕೆ ಊರಿನ ಅರ್ಧ ಮಂದಿ ಅದೇ ಬಸ್ಸಿನಿಂದ ಇಳಿದರು, ಚೀಲ, ಮಕ್ಕಳು, ಚಕ್ಕುಲಿ ಡಬ್ಬಿಗಳ ಸಂಗಡ ಜ್ವರವೂ ಇಳಿಯಿತು, ಟಿಕೀಟು ಇಲ್ಲದೆ. ಮುಕುಂದ ಡಾಕ್ಟರು ಆರೋಗ್ಯ ಕೇಂದ್ರದ ಕಟ್ಟೆಯ ಮೇಲೆ ಎಲ್ಲರನ್ನೂ ಕೂಡಿಸಿ ಅಂದದ್ದು, ನೋಡ್ರಿ, ಪೋಲಿಯೊ ಹನಿ ಹಾಕೂ ಮುಂದ ಬಾಗಲಾ ಬಾಗಲಕ್ಕ ಸೀಮೆಸುಣ್ಣದ ಖಡುಲೆ ಗುರ್ತ ಹಾಕ್ತೀವಲ್ಲಾ, ಅದನ್ನ ಜ್ವರಕ್ಕೂ ಹಚ್ಚೋಣು, ಮಂದಿಗೂ ಗೊತ್ತದ, ನಮಗೂ ರೂಢಿ ಅದ. ಮನೆಯಲ್ಲಿ ಎಲ್ಲರನ್ನೂ ನೋಡಿ ಆಯಿತು, ಯಾರಿಗೂ ಏನೂ ಇಲ್ಲ ಅಂದರೆ ಪಿ ಅಕ್ಷರ. ಜ್ವರ ಇದ್ದರೆ, ಇಲ್ಲವೇ ಬಾಗಿಲು ತೆರೆಯದಿದ್ದರೆ, ಕತ್ತರಿ ಗುರುತು, ಅಲ್ಲಿಗೆ ಮತ್ತೆ ಹೋಗಬೇಕು. ಮೇಲಿನ ಓಣಿ ಆರೋಗ್ಯ ಸಹಾಯಕ ಜಟ್ಟೆಪ್ಪನದು, ಕೆಳಗಿನ ಓಣಿ ಆಶಾ ಕಾರ್ಯಕರ್ತೆ ಶಟ್ಟೆವ್ವನದು, ಕತ್ತರಿ ಬಿದ್ದ ಮನೆಗಳೆಲ್ಲ ಯಮುನಾಬಾಯಿಗೆ, ಡಾಕ್ಟರು ಬೇವಿನ ಮರದ ಕೆಳಗೆ ಕೆಮ್ಮಿನವರನ್ನು ದೂರ ದೂರ ಕೂಡಿಸಿಕೊಂಡು, ಜೀಪಿನ ಉಳವಪ್ಪ ಮೈಕು ಹಿಡಿದು ಮೂಗು ಮುಚ್ಚಿಕೊಳ್ಳಿರೆಂದು ಸಾರುತ್ತ, ಮಾಸ್ಕು ತೀರಿದ ಮೇಲೆ ಅವನ ಹೆಂಡತಿಯೇ ಆಪರೇಶನ್ನಿನ ಹಸಿರು ಬಟ್ಟೆಯಲ್ಲಿ ಹೊಲಿದು ಕೊಟ್ಟಳು, ಒಂದೊಂದಕ್ಕೂ ಅಂಚಿನಲ್ಲಿ ಬಣ್ಣದ ದಾರ ಬೇರೆ, ಮದುವೆಮನೆಯ ಕುಬಸ ಹೊಲಿದ ಹಾಗೆ. ಮತ್ತೆ ಆ ಚಹಾದ ನಿಯಮ, ಯಾರು ಮಾಡಿದ್ದೋ ನೆನಪಿಲ್ಲ, ಕೊನೆಯವರು ಓಣಿಯಿಂದ ಬರುವತನಕ ಯಾರೂ ಕುಡಿಯುವಂತಿಲ್ಲ, ಕೆಟಲಿಯ ಚಹಾ ಆರಿ ತಣ್ಣಗಾದರೂ ಸರಿ. ಡಾಕ್ಟರೂ ಕಾಯುತ್ತಿದ್ದರು. ತಂಗೆವ್ವಜ್ಜಿ ತನ್ನ ಬಾಗಿಲಿಗೆ ಕತ್ತರಿ ಬಿದ್ದದ್ದು ನೋಡಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತದ್ದು, ನಾ ಏನ್ ಪರೀಕ್ಷಾದಾಗ ಫೇಲ್ ಆಗೇನೇನ, ಮಗ್ಗಲಮನಿಯಾಕಿಗೆ ಪಿ, ನನಗ್ಯಾಕ ಕತ್ರಿ? ಶಟ್ಟೆವ್ವ ನಗುತ್ತ, ಯಜ್ಜೀ, ಕತ್ರಿ ಅಂದ್ರ ನಿಮ್ಮನಿಗೆ ನಾವು ಮತ್ತ ಬರತೇವಿ ಅಂತ, ಪಿ ಹಾಕಿದ ಮನೀಗೆ ಯಾರೂ ಹಣಿಕಿ ಹಾಕಂಗಿಲ್ಲ ನೋಡ. ಹಾಗಾದರೆ ಇರಲಿ ಬಿಡು ಅಂದಳು ಅಜ್ಜಿ. ಎಲ್ಲರೂ ನಕ್ಕರು, ಯಮುನಾಬಾಯಿಯೂ ನಕ್ಕಳು. ಪಿ ಹಾಕಿದ ಮನೆಗೆ ಯಾರೂ ಹಣಿಕಿ ಹಾಕುವುದಿಲ್ಲ.

ಅವಳ ಮನೆಯ ನೀಲಿ ಬಾಗಿಲ ಮೇಲೆ ಪಿ ಇತ್ತು. ದುಂಡಗೆ, ಅಂದವಾಗಿ, ಜಟ್ಟೆಪ್ಪನ ಅಕ್ಷರ, ಅವನು ಹಾಕಿದ ಪಿ ದೂರದಿಂದಲೇ ಗುರುತು ಸಿಗುತ್ತದೆ, ಹೊಟ್ಟೆ ಬಂದ ಗೌಡರ ಹಾಗೆ. ಒಳಗೆ ಹೋಗದೆಯೇ ಹಾಕಿದ್ದ, ಪಾಪ, ಮರ್ಯಾದೆಗೆ ಹಾಕಿದ್ದ — ಸಿಸ್ಟರ ಮನ್ಯಾಗ ಹೋಗಿ ನಿಮಗ ಜ್ವರಾ ಐತೇನ್ರಿ ಅಂತ ಯಾವ ಬಾಯಿಲೆ ಕೇಳಬೇಕ್ರಿ, ಊರಿಗೆಲ್ಲ ಕೇಳಾವ್ರ ಅವರು. ಅವನನ್ನು ಏನನ್ನುವುದು, ಅವಳೇ ದಿನಾ ಆ ಬಾಗಿಲು ದಾಟಿ ಹೋದಳು ಬಂದಳು, ಪಿ ಕಂಡಿತು, ಸರಿಯಾಗಿಯೇ ಇದೆ ಅನಿಸಿತು. ಸೀಮಂತದ ಕುಬಸದ ಶಾಸ್ತ್ರ ಮುಗಿಸಿಕೊಂಡು ಪುಣೆಯಿಂದ ಚೊಚ್ಚಲ ಹೆರಿಗೆಗೆ ಬಂದ ಮಗಳು ಒಳಕೋಣೆಯಲ್ಲಿ, ತಾನು ಪಡಸಾಲೆಯಲ್ಲಿ, ಬಸುರಿಗೆ ಈ ಜ್ವರ ಬಹಳ ಕೆಟ್ಟದ್ದು ಅಂತ ಓಣಿ ಓಣಿಗೆ ಹೇಳಿ ಬಂದವಳು ತನ್ನ ಮೈಯಿಂದ ಮಗಳಿಗೆ ಏನೂ ಅಂಟಬಾರದೆಂದು ಹಿತ್ತಲಲ್ಲೇ ಸ್ನಾನ, ಹೊರಗೇ ಊಟ, ಹೊರಗೇ ಹಾಸಿಗೆ, ಬಾಗಿಲಾಚೆಯಿಂದಲೇ ಊಟಾ ಆತೇನs ರಂಜೂ, ಆತವ್ವಾ, ಕಬ್ಬಣದ ಗುಳಗಿ ತಗೊಂಡೇನs, ತಗೊಂಡೆ. ಮುಖವನ್ನೇ ಸರಿಯಾಗಿ ನೋಡಲಿಲ್ಲ, ಕಾಪಾಡುತ್ತಿದ್ದೇನೆ ಅಂದುಕೊಂಡು ನೋಡಲಿಲ್ಲ. ಕಿತ್ತೂರಿನ ಬಸ್ಸಿನಿಂದ ಆ ಹುಡುಗಿಯೂ ಇಳಿದಿದ್ದಳು ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಹೊಳೆಯಲಿಲ್ಲ. ಆಕೆಯೋ, ಕೆಮ್ಮು ಬಂದರೆ ದಿಂಬಿಗೆ ಬಾಯಿ ಒತ್ತಿ ಕೆಮ್ಮಿದಳಂತೆ, ಅವ್ವ ಊರ ಜ್ವರಾ ನೋಡಿ ಸೋತು ಬಂದಿರ್ತಾಳ, ನಂದೊಂದ ಯಾಕ ಅಂತ ಸುಮ್ಮನಿದ್ದೆ, ಅಂದಳು ಆಮೇಲೆ, ತುಟಿ ಒಣಗಿ ಬಿರಿದಿತ್ತು. ತಾಯಿಯ ಮಗಳೇ ಸರಿ.

ಈ ಶಟ್ಟೆವ್ವ ಬರದಿದ್ದರೆ. ಬಂದದ್ದೂ ಬೇರೆ ಕೆಲಸಕ್ಕೆ, ನಿನ್ನೆ ಮಧ್ಯಾಹ್ನ, ಯಾರದೋ ಮನೆಗೆ ಯಮುನಾಬಾಯಿಯನ್ನು ಕರೆಯಲು, ಯಮುನಾಬಾಯಿ ಮನೆಯಲ್ಲಿರಲಿಲ್ಲ. ಇಷ್ಟು ವರ್ಷ ಆ ಮನೆಯ ಹೊಸ್ತಿಲು ದಾಟಿದವಳಲ್ಲ ಇವಳು, ಬಾ ಒಳಗ ಅಂದರೂ ಇರಲ್ರಿ, ನಿಮ್ಮದು ಮಡಿ ಮನಿ, ಇಲ್ಲೆ ಗಾಳಿ ಛಲೋ ಐತಿ ಅಂತ ಕಟ್ಟೆಯ ಮೇಲೇ ಕೂಡುವವಳು, ಯಮುನಾಬಾಯಿಯ ಅತ್ತೆಯಿದ್ದ ಕಾಲದ ಅಂಜಿಕೆ, ಅತ್ತೆ ಹೋಗಿ ಎಷ್ಟೋ ವರ್ಷವಾದರೂ ಅಂಜಿಕೆ ಹೋಗಿರಲಿಲ್ಲ, ಯಮುನಾಬಾಯಿಯೂ ಕೈಹಿಡಿದು ಎಳೆದಿರಲಿಲ್ಲ. ನಿನ್ನೆ ಆ ಕಟ್ಟೆಯ ಮೇಲೆ ನಿಂತಾಗ ಒಳಗಿನಿಂದ ದಿಂಬಿನೊಳಗಿನ ಕೆಮ್ಮು ಕೇಳಿತು. ಬಾಗಿಲು ನೋಡಿದಳು, ಪಿ ಇತ್ತು. ಸೆರಗಿನಿಂದ ಪಿ ಅಳಿಸಿ, ಸೊಂಟದಿಂದ ಖಡು ತೆಗೆದು ಕತ್ತರಿ ಹಾಕಿ, ಒಳಗೆ ನಡೆದೇಬಿಟ್ಟಳು, ಪಡಸಾಲೆ ದಾಟಿ, ದೇವರ ಕೋಣೆ ದಾಟಿ, ಸೀದಾ. ಯಮುನಾಬಾಯಿ ಓಣಿಯ ಮೂಲೆಯಿಂದ ಕಂಡದ್ದು ನೀಲಿ ಬಾಗಿಲ ಮೇಲೆ ದೊಡ್ಡ ಸೊಟ್ಟ ಕತ್ತರಿ, ಯಾವ ಹುಡುಗರು ಗೀಚಿದರೋ ಅಂತ ಒಂದು ಗಳಿಗೆ ಸಿಟ್ಟು ಬಂತು, ಆಮೇಲೆ ಶಟ್ಟೆವ್ವನ ಕೈ ಅಂತ ಗೊತ್ತಾಯಿತು, ಓಡಿದಳು. ಒಳಗೆ ಶಟ್ಟೆವ್ವನ ತೊಡೆಯ ಮೇಲೆ ರಂಜನಾಳ ತಲೆ, ಹಣೆಯ ಮೇಲೆ ಒದ್ದೆ ಅರಿವೆ, ಬರ್ರಿ ಬಾಯಾರ, ಗಾಬರಿ ಆಗಬ್ಯಾಡ್ರಿ, ಡಾಕ್ಟರಿಗೆ ಹೇಳಿ ಕಳಿಸೇನಿ, ಮೈ ಹಂಚಿನಂಗ ಸುಡಾಕತ್ತೈತಿ ಖರೆ, ನಾವೆಲ್ಲಾರೂ ಅದೇವಲ್ಲ. ನಾವೆಲ್ಲಾರೂ ಅದೇವಲ್ಲ — ಈ ಮಾತು ತಾನು ಎಷ್ಟು ಮನೆಗಳಲ್ಲಿ ಆಡಿದ್ದಾಳೆ, ಕೇಳಿಸಿಕೊಂಡದ್ದು ಇದೇ ಮೊದಲು. ಜಟ್ಟೆಪ್ಪ ಬಾಗಿಲ ಮೇಲಿನ ಕತ್ತರಿ ನೋಡಿ ಬಿಳಚಿಹೋದ, ಕೇಂದ್ರದಲ್ಲಿ ಹಂದಿಜ್ವರದ ಗುಳಿಗೆ ತೀರಿದೆ, ಸವದತ್ತಿಯಲ್ಲಿ ಇದೆ ಅಂತ ಡಾಕ್ಟರು ಫೋನಿಟ್ಟು ಹೇಳುವುದರೊಳಗೇ ಮೋಟರ್‌ಸೈಕಲ್ಲು ಚಾಲೂ ಮಾಡಿದ್ದ, ಆ ಮಳೆಯಲ್ಲಿ, ತಿರುಗಿ ಬಂದಾಗ ತಲೆಯಿಂದ ಕಾಲತನಕ ನೀರು ಸುರಿಯುತ್ತಿದೆ, ಅಂಗಿಯೊಳಗೆ ಎದೆಗೆ ಅವಚಿಕೊಂಡ ಪ್ಲಾಸ್ಟಿಕ್ ಚೀಲದಲ್ಲಿ ಗುಳಿಗೆಗಳು ಮಾತ್ರ ಒಣಗಿಯೇ ಇವೆ. ಈಗಲೂ ಆಸ್ಪತ್ರೆಯ ಗೇಟಿನ ಹತ್ತಿರ ನಿಂತಿದ್ದಾನೆ, ಒಳಗೆ ಬಾ ಅಂದರೆ ಬರುವುದಿಲ್ಲ, ಜಟ್ಟೆಪ್ಪಾ, ನೀನು ತಂದ ಗುಳಿಗೆಯಿಂದಲೇ ಬೆಳಿಗ್ಗೆ ಜ್ವರ ಇಳೀತಲ್ಲೋ ಅಂತ ಹೇಳಬೇಕು, ಕೈ ಹಿಡಿದು ಹೇಳಬೇಕು, ಜ್ವರ ಇಳಿಯಿತು, ಕೂಸು ಮಾತ್ರ — ಉಳವಪ್ಪ ಜೀಪನ್ನು ಒಂದು ತಗ್ಗಿಗೂ ಇಳಿಸದೆ ತಂದ, ಆ ರಸ್ತೆಯಲ್ಲಿ ಅದು ಹೇಗೆ ಸಾಧ್ಯವಾಯಿತೋ ಅವನ ಕುಲದೇವರಿಗೇ ಗೊತ್ತು. ಎಲ್ಲರ ಋಣ. ಈ ಮಂದಿ ಇಲ್ಲದಿದ್ದರೆ ತಾನು ಎಷ್ಟರವಳು, ಕೊಳವೆ ಹಿಡಿದ ಒಂಟಿ ಹೆಂಗಸು, ದೇವರೇ, ಆ ಕೂಸನ್ನೊಂದು ಉಳಿಸು, ಉಳಿಸದಿದ್ದರೂ ಇವರನ್ನು ದೂರುವ ಮನಸ್ಸು ಕೊಡಬೇಡ. ಇಲ್ಲ, ಉಳಿಸು.

ಬಾಗಿಲು ತೆರೆಯಿತು, ಹಸಿರು ಮಾಸ್ಕಿನ ಮೇಲೆ ಮುಕುಂದ ಡಾಕ್ಟರ ಕಣ್ಣುಗಳಷ್ಟೇ ಕಾಣುತ್ತವೆ, ಬರೀ ಕಣ್ಣಿನಿಂದ ಏನು ತಿಳಿಯುತ್ತದೆ, ಸಿಸ್ಟರ್, ಒಳಗ ಬರ್ರಿ, ನನಗ ಒಂದ ಸಲ ಕೇಳಿಸಿಧಾಂಗ ಆತು, ಮತ್ತ ಇಲ್ಲ, ನನ್ನ ಕಿವಿ ಮ್ಯಾಲೆ ನನಗs ಭರೋಸೆ ಇಲ್ಲ, ನೀವೂ ಕೇಳ್ರಿ. ಏಳಬೇಕು. ಶಟ್ಟೆವ್ವನ ಕೈ ರಟ್ಟೆಯ ಕೆಳಗೆ ಬಂತು, ಏಳ್ರಿ ಬಾಯಾರ, ನಾನೂ ಬರತೇನಿ. ಫಿನೈಲಿನ ವಾಸನೆ, ಕಿಟಕಿಯ ಬೆಳಕು, ರಂಜನಾ ತಾಯಿಯ ಮುಖ ನೋಡಲಿಲ್ಲ, ಸೂರು ನೋಡುತ್ತಿದ್ದಳು. ಯಮುನಾಬಾಯಿ ಬಗ್ಗಿದಳು, ಕೊಳವೆಯ ನುಣುಪು ಕಿವಿಗೆ ತಾಗಿತು, ಏನಿಲ್ಲ, ತನ್ನ ರಕ್ತದ್ದೇ ಸುಂಯ್ ಸದ್ದು, ಏನಿಲ್ಲ, ಕೊಳವೆ ಒಂದಿಷ್ಟು ಈಚೆಗೆ, ಉಸಿರು ಬಿಗಿಹಿಡಿ, ಏನಿಲ್ಲ, ಮತ್ತಿಷ್ಟು ಕೆಳಗೆ, ಎಡಕ್ಕೆ, ಪಿ ಹಾಕಿದ ಮನೆಗೆ ಯಾರೂ — ಟಕ. ಟಕಟಕಟಕ. ಬಾಗಿಲ ಹಲಗೆಯ ಮೇಲೆ ಯಾರೋ ಅವಸರದಿಂದ ಖಡು ಕುಟ್ಟುತ್ತಿರುವ ಹಾಗೆ, ಒಂದೇ ಸಮ, ಗಟ್ಟಿ, ಇದೆ, ಇದೆ, ಇದ್ದೇ ಇದೆ, ಅವಳು ಡಾಕ್ಟರತ್ತ ಕೈ ಎತ್ತಿ ತೋರಿಸಿದಳು, ರಂಜನಾ ಅಳತೊಡಗಿದಳು, ಶಟ್ಟೆವ್ವ ಏನಾತ್ರಿ, ಐತೇನ್ರಿ, ಹೇಳ್ರೆ ಅಂದಳು. ಯಮುನಾಬಾಯಿ ಅವಳ ಕುತ್ತಿಗೆಯ ಸುತ್ತ ಕೈಹಾಕಿ ಎಳೆದು, ಅವಳ ಕಿವಿಯನ್ನು ಕೊಳವೆಗೆ ಹಚ್ಚಿದಳು, ನೀನs ಕೇಳ, ನೀನs ಕೇಳs ಶಟ್ಟೆವ್ವಾ. ಶಟ್ಟೆವ್ವ ಕಣ್ಣು ಮುಚ್ಚಿ ಬಗ್ಗಿದಳು, ಕೇಳಿದಳು, ಬಹಳ ಹೊತ್ತು ಕೇಳಿದಳು, ಜಾರಿ ಬಿದ್ದ ಕೆಂಪು ಸೆರಗು ಹೊಟ್ಟೆಯ ಮೇಲೆ ಹರಡಿಕೊಂಡಿತ್ತು, ಅವಳು ಎದ್ದಾಗ ಅದೂ ಅವಳ ಸಂಗಡ ಎದ್ದುಹೋಯಿತು, ಮತ್ತೆ ಅಲ್ಲಿ, ಮಗಳ ಬೆವೆತ ಬಿಗಿದ ಹೊಟ್ಟೆಯ ಮೇಲೆ, ನೀಲಿ ಬಾಗಿಲಿನಿಂದ ಅಳಿಸಿದ ಆ ಬಿಳಿ —