ಮುಕ್ಕಾಲು ಅಂಗುಲದ ಹಟ

ಬರ್ನ್‌ಲಿಯ ಕ್ಲೈವ್ ಆರ್ಮರಾಡನಿಗೆ ಮಿಲಿಮೀಟರ್ ಎಂದರೆ ಮೈಯೆಲ್ಲ ಉರಿ. ಡ್ರೈವಿಂಗ್ ಪರೀಕ್ಷಕನಾಗಿ ಊರಿನ ಅರ್ಧ ಜನರನ್ನು ಫೇಲು ಮಾಡಿ ನಿವೃತ್ತನಾದ ಮೇಲೆ ಅವನು 'ಅಂಗುಲ ರಕ್ಷಣಾ ಸಂಘ' ಕಟ್ಟಿದ್ದ. ಸಂಘದ ಸದಸ್ಯರೆಲ್ಲ ಅವನ ಮನೆಯ ಒಂದೇ ಸೋಫಾದಲ್ಲಿ ಹಿಡಿಸುತ್ತಿದ್ದರು.

ಹೆಂಡತಿ ಗ್ಲೆನಿಸ್‌ಗೆ ಹೊಸ ಸ್ನಾನದ ತೊಟ್ಟಿ ಬೇಕಾಯಿತು. ಮನೆಯ ತಾಮ್ರದ ಪೈಪುಗಳು ಅಂಗುಲದ ಕಾಲದವು. ಈಗ ಸಿಗುವ, ಪೈಪಿಗೆ ಪೈಪು ಕೂಡಿಸುವ ಜೋಡಣೆಗಳೆಲ್ಲ ಮಿಲಿಮೀಟರಿನವು. ಪ್ಲಂಬರನನ್ನು ಕರೆಯೋಣವೆಂದಳು. ಕ್ಲೈವ್ ಕೇಳಲಿಲ್ಲ. ಅಡುಗೆಮನೆಯ ಅರ್ಧ ಅಂಗುಲದ ಪೈಪಿಗೆ ಹದಿನೈದು ಮಿಲಿಮೀಟರಿನ ಜೋಡಣೆ ಸಲೀಸಾಗಿ ಕೂತಿತ್ತು. ಹೊರಗಿನ ಅಳತೆಯಲ್ಲಿ ಅವೆರಡೂ ಹೆಚ್ಚುಕಡಿಮೆ ಒಂದೇ; ಅವನು ಮಾತ್ರ ಅದು ತನ್ನ ಕೈಚಳಕವೆಂದೇ ತಿಳಿದಿದ್ದ.

ಮಹಡಿಯ ಬಚ್ಚಲಿನದು ಮುಕ್ಕಾಲು ಅಂಗುಲ. ನಲ್ಲಿ-ಪೈಪು ಸಾಮಾನಿನಂಗಡಿಯ ಶೋನಾ ಮೊದಲೇ ಎಚ್ಚರಿಸಿದಳು:

"ಮುಕ್ಕಾಲು ಅಂಗುಲಕ್ಕೆ ಇಪ್ಪತ್ತೆರಡು ಮಿಲಿಮೀಟರಿಂದು ದೊಗಳೆ ಆಗುತ್ತೆ ಕಣಪ್ಪಾ. ನಟ್ಟಿನೊಳಗಿನ ಹಿತ್ತಾಳೆ ಉಂಗುರ ಒಂದು ಬದಲಾಯಿಸು, ನಿಲ್ಲುತ್ತೆ."

"ರಾಜಿ ಮಾಡಿಸೋ ಉಂಗುರ ನಂಗೆ ಬೇಡ," ಎಂದ ಕ್ಲೈವ್.

"ಹಾಗಾದ್ರೆ ಬಕೆಟ್ ತಗೊಂಡು ಹೋಗು."

ಅವನು ಇಪ್ಪತ್ತೆರಡರ ಜೋಡಣೆಯನ್ನೇನೋ ಕೊಂಡ, ಉಂಗುರ ಮಾತ್ರ ಮುಟ್ಟಲಿಲ್ಲ. ತತ್ವದ ಪ್ರಶ್ನೆ. ಪೈಪಿಗೆ ಟೇಪು ಸುತ್ತಿ, ಸ್ಪ್ಯಾನರಿನ ಮೇಲೆ ಇಡೀ ಮೈಭಾರ ಬಿಟ್ಟು ಬಿಗಿದ. ಅದು ಶನಿವಾರದವರೆಗೆ ನಿಂತಿತು.

ಶನಿವಾರ ಸಂಘದ ಸಭೆ. ಗ್ಯಾಲನ್ ದೇವರೇ ಕೊಟ್ಟ ಅಳತೆ ಎಂಬ ಠರಾವನ್ನು ಉಪಾಧ್ಯಕ್ಷ ನಾರ್ಮನ್ ಹಿಂಡ್ಲೆ ಓದುತ್ತಿದ್ದಾಗ ಮೇಲೆ ಏನೋ ಠಪ್ಪೆಂದಿತು. ಮರುಕ್ಷಣ ಚಾವಣಿಯ ಗಾರೆ ಕಳಚಿ ಸದಸ್ಯರಿಗೆಂದಿಟ್ಟ ಹಂದಿಮಾಂಸದ ಕಡುಬಿನ ಮೇಲೆ ಬಿತ್ತು, ಹಿಂದೆಯೇ ನೀರು. ಎಷ್ಟು ಗ್ಯಾಲನ್ ಸುರಿದಿರಬಹುದೆಂದು ಸದಸ್ಯರಲ್ಲಿ ಭಿನ್ನಾಭಿಪ್ರಾಯ ಹುಟ್ಟಿತು. ಕ್ಲೈವ್ ಮಹಡಿಗೆ ಓಡಿ, ಪೈಪಿನ ಬಾಯನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿದು, ನೀರು ನಿಲ್ಲಿಸುವ ಮುಖ್ಯ ವಾಲ್ವ್ ಎಲ್ಲಿದೆಯೆಂದು ಅರಚಿದ. ಸ್ವಂತ ಮನೆಯಲ್ಲಿ ಅದು ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಗ್ಲೆನಿಸ್ ಸಿಂಕಿನ ಕೆಳಗೆ ಕೈಹಾಕಿ ತಿರುಗಿಸಿದಳು. ಆಮೇಲೆ ಚೀಲಕ್ಕೆ ಬಟ್ಟೆ ತುರುಕಿ ಬಾಗಿಲಲ್ಲಿ ನಿಂತಳು.

"ಆ ಉಂಗುರ ತರೋವರೆಗೂ ನಾನು ಪಕ್ಕದೂರು ನೆಲ್ಸನ್‌ನಲ್ಲಿ ತಂಗಿ ಮನೇಲಿ ಸ್ನಾನ ಮಾಡ್ತೀನಿ. ಊಟಾನೂ ಅಲ್ಲೇ."

ಡಬ್ಬಿಯ ಬೀನ್ಸ್ ಕಾಳನ್ನು ತಣ್ಣಗೇ ತಿಂದು ತಿಂದು ಕ್ಲೈವನ ಹೊಟ್ಟೆ ತತ್ವ ಬಿಟ್ಟುಕೊಟ್ಟಿತು. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಅಂಗಡಿಗೆ ಹೋದ. ಉಂಗುರ ಬೇಕೆಂದು ಗೋಡೆಗೆ ಹೇಳಿದಂತೆ ಹೇಳಿದ. ಶೋನಾ ನಗಲಿಲ್ಲ. ಉಂಗುರವನ್ನು ಅವನ ಅಂಗೈಗಿಟ್ಟಳು.

"ಇದು ಮುಕ್ಕಾಲು ಅಂಗುಲದ್ದೇ ಕಣಪ್ಪಾ. ನೀನು ಅವತ್ತು ಬೇಡ ಅಂದಿದ್ದು ಅಂಗುಲಾನೇ."

ಅವನ ಕಿವಿ ಕೆಂಪಾಯಿತು. ಮನೆಗೆ ಬಂದು ಉಂಗುರ ತೊಡಿಸಿ ನಟ್ ಬಿಗಿದ. ಕಾದು ಕೂತ. ಒಂದು ಹನಿಯೂ ಬರಲಿಲ್ಲ. ಅದು ಅವನಿಗೆ ಇನ್ನಷ್ಟು ಅವಮಾನವೆನಿಸಿತು. ಗ್ಲೆನಿಸ್ ಮರಳಿ ಬಂದು, ಬೆರಳು ಸುಕ್ಕಾಗುವವರೆಗೆ ತೊಟ್ಟಿಯಲ್ಲಿ ಮಲಗಿದಳು.

ಮುಂದಿನ ಸಭೆಯಲ್ಲಿ ಕ್ಲೈವ್ ಆ ಪ್ರವಾಹವನ್ನು ಮಿಲಿಮೀಟರಿನ ಪಿತೂರಿಯೆಂದು ವಿವರಿಸಿದ. ಸದಸ್ಯರು ಒಮ್ಮತದಿಂದ ಒಪ್ಪಿದರು. ಆದರೆ ಸೋಫಾದಲ್ಲಿ ಬಚ್ಚಲಿನ ಕೆಳಗೆ ಬರುವ ತುದಿಯಲ್ಲಿ ಮಾತ್ರ ಯಾರೂ ಕೂರಲಿಲ್ಲ.