ಹುಳ ಹೋಗೋ ತನಕ

ಮಧ್ಯಾಹ್ನ ಸುರಿದ ರೋಹಿಣಿ ಮಳೆ ಸಂಜೆಯ ಹೊತ್ತಿಗೆ ನಿಂತಿತ್ತು. ತೋಟದ ಮನೆಯ ಅಂಗಳದಲ್ಲಿ ನೆಲ ಹಬೆಯಾಡುತ್ತಿತ್ತು. ಬದುವಿನ ಹುತ್ತದ ಬಾಯಲ್ಲಿ ಗೆದ್ದಲುಗಳು ರೆಕ್ಕೆ ಬಿಚ್ಚಿಕೊಂಡು ಹೊರಡುತ್ತಿರುವುದನ್ನು ಕಂಡು ಆಶಾ ಒಳಗೆ ಬಂದಳು. ಹೇಳಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಳು.

ನಡುಮನೆಯ ಕಂಬದ ಬುಡದಲ್ಲಿ, ಅಮ್ಮ ಒರಗಿ ಕೂತಿದ್ದ ಜಾಗದಲ್ಲಿ ಹಣತೆ ಉರಿಯುತ್ತಿತ್ತು. ತಿಥಿ ಮುಗಿಯುವ ತನಕ ಅದು ಆರಬಾರದು, ಆರಿದರೆ ಹೋದವರಿಗೆ ದಾರಿ ಕಾಣುವುದಿಲ್ಲ ಎಂದು ಕೆಂಪಕ್ಕ ಮೊದಲ ದಿನವೇ ಹೇಳಿದ್ದಳು. ಕೆಂಪಕ್ಕ ಅಪ್ಪನ ಅಕ್ಕ. ಅಮ್ಮನ ಮಣ್ಣಿಗೆಂದು ಕೆಂಕೆರೆಯಿಂದ ಬಂದವಳು ಇಲ್ಲೇ ಉಳಿದಿದ್ದಳು. ಆ ಮಾತನ್ನು ಆಕೆ ಎಲ್ಲರ ಮನೆಯಲ್ಲೂ ಹೇಳುವಂತೆ ಹೇಳಿದ್ದು. ಅಪ್ಪ ಗಂಗಾಧರ್ ಅದನ್ನು ಹಿಡಿದು ಕೂತುಬಿಟ್ಟಿದ್ದ. ಅಂದಿನಿಂದ ಅವನು ತೋಟದ ಕಡೆ ತಿರುಗಿ ನೋಡಿರಲಿಲ್ಲ, ಅಟ್ಟ ಹತ್ತಿ ಕೊಬ್ಬರಿಯ ಕಾಯಿ ಒಣಗಿದೆಯೇ ಎಂದು ಅಲುಗಿಸಿ ನೋಡಿರಲಿಲ್ಲ. ಎಣ್ಣೆ ಹುಯ್ಯುವುದು, ಬತ್ತಿ ಮುಂದಕ್ಕೆಳೆಯುವುದು, ಮತ್ತೆ ಕೂರುವುದು.

"ಅಪ್ಪಾ, ಹುಳ ಏಳ್ತಾವೆ."

ಅವನು ಬತ್ತಿಯನ್ನು ಇನ್ನಷ್ಟು ಮುಂದಕ್ಕೆಳೆದ.

ಪ್ರತಿ ವರ್ಷ ಮುಂಗಾರಿಗೆ ಮುಂಚಿನ ಈ ಸಂಜೆಗಳು ಅಮ್ಮನ ಸುಪರ್ದಿಗೆ ಸೇರಿದ್ದವು. ಒಳಗಿನ ದೀಪವನ್ನೆಲ್ಲ ಆರಿಸಿ, ಬಾಗಿಲು ಹಾಕಿ, ಅಂಗಳದಲ್ಲಿ ಅಗಲವಾದ ಬೇಸಿನ್ನಿಗೆ ನೀರು ತುಂಬಿ, ಅದರ ಮೇಲೊಂದು ಬಲ್ಬು ಇಳಿಬಿಡುತ್ತಿದ್ದಳು. ಹುಳಗಳು ಬೆಳಕಿಗೆ ಬಂದು ನೀರಿಗೆ ಬೀಳುತ್ತಿದ್ದವು. ಅಲ್ಲಿಯವರೆಗೂ ಮನೆಯವರು ನಡುಮನೆಯ ಕತ್ತಲಲ್ಲಿ ಕೂರಬೇಕು. ಆಶಾ ಚಿಕ್ಕವಳಿದ್ದಾಗ ಒಮ್ಮೆ ಹುಳ ನುಂಗಿ ಕೆಮ್ಮಿ ಕೆಮ್ಮಿ ಅತ್ತಿದ್ದಳು. ಆವತ್ತಿನಿಂದ ಅಮ್ಮನದು ಒಂದೇ ಕಟ್ಟಪ್ಪಣೆ: "ಹುಳ ಹೋಗೋ ತನಕ ಯಾರೂ ಬಾಯಿ ಬಿಡಂಗಿಲ್ಲ."

ಹೋದ ವಾರ, ಕೃತ್ತಿಕೆ ಮಳೆಯ ಸಂಜೆಯೂ ಅದನ್ನೇ ಹೇಳಿ ಕಂಬಕ್ಕೆ ಒರಗಿದಳು.

"ಕೇಳಿದ್ಯೇನೇ ಆಶಾ? ನಿಮ್ಮಮ್ಮನ ಬಾಯಿ ಮುಚ್ಸಾಕೆ ಹುತ್ತದಿಂದ ಹುಳಾನೇ ಎದ್ದು ಬರ್ಬೇಕು ಕಣೇ," ಎಂದ ಅಪ್ಪ.

ಅಮ್ಮ ಕತ್ತಲಲ್ಲಿ ನಕ್ಕಳು. "ಬೆಳಿಗ್ಗೆ ಕಾಫಿ ಕೇಳ್ತೀರಲ್ಲ, ಆಗ ಇದೆ ನಿಮಗೆ," ಎಂದಳು. ಆಮೇಲೆ ಯಾರೂ ಮಾತಾಡಲಿಲ್ಲ. ಹೆಂಚಿಗೆ ಹುಳ ಬಡಿಯುವ ಸದ್ದು ಮಾತ್ರ. ನಡುವೆ ಎಲ್ಲೋ ಒಂದು ದೀರ್ಘವಾದ ಉಸಿರು ಕೇಳಿಸಿತು. ಅಮ್ಮ ಹಗಲೆಲ್ಲ ಅಂಗಳದಲ್ಲಿ ಕಾಯಿ ಸಿಪ್ಪೆ ಒಟ್ಟಿ ದಣಿದಿದ್ದಾಳೆ, ತೂಕಡಿಕೆ ಬಂದಿರಬೇಕು ಎಂದುಕೊಂಡಳು ಆಶಾ. ದೀಪ ಹಾಕಿದಾಗ ಅಮ್ಮ ಕಂಬಕ್ಕೆ ಒರಗಿಯೇ ಇದ್ದಳು. ಕೈ ತಣ್ಣಗಾಗಿತ್ತು. ಹೃದಯ ನಿಂತಿದೆ, ನಿಂತು ಸುಮಾರು ಹೊತ್ತಾಗಿದೆ ಎಂದರು ಡಾಕ್ಟರು.

ಸುಮಾರು ಹೊತ್ತು. ಅಷ್ಟೂ ಹೊತ್ತು ಅಪ್ಪ ಮಗಳಿಬ್ಬರೂ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಕೂತಿದ್ದರು. ಇದನ್ನು ಕುರಿತು ಅವರು ತಮ್ಮಲ್ಲಿ ಇನ್ನೂ ಒಂದು ಮಾತೂ ಆಡಿರಲಿಲ್ಲ.

ಕತ್ತಲಾಗುತ್ತಲೇ ಕರೆಂಟು ಹೋಯಿತು. ಸುತ್ತಮುತ್ತ ಉಳಿದ ಬೆಳಕು ಈ ಹಣತೆಯೊಂದೇ. ಬಾಗಿಲ ಸಂದಿಯಿಂದ, ಹೆಂಚಿನ ಬಿರುಕಿನಿಂದ ಹುಳ ಒಳಗಿಳಿದವು.

"ಹಣತೆ ಎತ್ತಿ ಅಂಗಳದಲ್ಲಿ ಇಕ್ಕಪ್ಪ," ಎಂದಳು ಕೆಂಪಕ್ಕ, ಸೆರಗು ಬೀಸುತ್ತ. "ಅಲ್ಲೂ ಉರಿಯೋದೆ ತಾನೆ? ಇಲ್ಲಿದ್ರೆ ಹುಳ ಬಿದ್ದು ಆರೇ ಹೋಯ್ತದೆ."

"ಕತ್ಲಲ್ಲೇ ಹೋದ್ಲು ಕಣಕ್ಕ ಅವಳು. ಇದೊಂದು ಬೆಳಕಾದ್ರೂ ಅವಳ ಜಾಗದಲ್ಲಿ ಇರ್ಲಿ, ಬುಡು."

ಕೆಂಪಕ್ಕ ಸೆರಗು ಬೀಸುವುದನ್ನು ನಿಲ್ಲಿಸಿದಳು.

ಆಶಾ ಬಚ್ಚಲ ಕಡೆ ಹೋಗಿ ಬೇಸಿನ್ನು ಹುಡುಕಿದಳು. ಅಮ್ಮ ಹೋದ ರಾತ್ರಿ ಯಾರೋ ನೀರು ಚೆಲ್ಲಿ ಗೋಡೆಗೆ ಒರಗಿಸಿದ್ದರು. ಅಂಚಿನಲ್ಲಿ ಹಳೆಯ ರೆಕ್ಕೆಗಳು ಒಣಗಿ ಅಂಟಿಕೊಂಡಿದ್ದವು. ಅವಳು ಅದನ್ನು ತೊಳೆಯಲಿಲ್ಲ. ಹಾಗೆಯೇ ನೀರು ತುಂಬಿ, ಅಂಗಳದಲ್ಲಿಟ್ಟು, ಪಕ್ಕದ ಒಗೆಯುವ ಕಲ್ಲಿನ ಮೇಲೆ ಮೊಬೈಲಿನ ಟಾರ್ಚು ಹಚ್ಚಿಟ್ಟಳು. ಹುಳ ಅತ್ತ ಮುತ್ತಿದವು. ಬಾಗಿಲು ಹಾಕಿಕೊಂಡು ಬಂದು ತನ್ನ ಎಂದಿನ ಜಾಗದಲ್ಲಿ ಕೂತಳು.

ಒಳಗೆ ಸೇರಿದ್ದವು ಮಾತ್ರ ಹೊರಗೆ ಹೋಗಲಿಲ್ಲ. ಅಪ್ಪ ಎರಡು ಅಂಗೈಗಳನ್ನು ಹಣತೆಗೆ ಮರೆಯಾಗಿ ಹಿಡಿದಿದ್ದ. ಹುಳಗಳು ಅವನ ಮುಂಗೈ ಮೇಲೆ ಹತ್ತಿ ಬೆರಳ ಸಂದಿಯಿಂದ ಎಣ್ಣೆಗೆ ಜಾರುತ್ತಿದ್ದವು. ಅವನು ಒಂದೊಂದನ್ನೇ ಹೆಕ್ಕಿ ತೆಗೆಯುತ್ತಿದ್ದ. ಕೈ ತೆಗೆದಾಗ ಇನ್ನಷ್ಟು ಬೀಳುತ್ತಿದ್ದವು. ಎಣ್ಣೆ ರೆಕ್ಕೆಗಳಿಂದ ಗಟ್ಟಿಯಾಗಿ, ಬತ್ತಿ ಚಟಚಟ ಎಂದಿತು. ಆರಿತು.

ಕೆಂಪಕ್ಕ ಕೂಡ "ಅಯ್ಯೋ" ಎನ್ನಲಿಲ್ಲ. ಹುಳದ ಹೊತ್ತಿನಲ್ಲಿ ತುಟಿ ಬಿಗಿಯುವುದು ಆ ಮನೆಯವರಿಗೆ ಅಷ್ಟು ರೂಢಿಯಾಗಿತ್ತು. ಹೆಂಚಿಗೆ ಹುಳ ಬಡಿಯುತ್ತಿತ್ತು. ಹೋದ ವಾರ ಕೇಳಿದ ಅದೇ ಸದ್ದು.

ಕಡ್ಡಿಪೆಟ್ಟಿಗೆ ಅಪ್ಪನ ಪಕ್ಕದಲ್ಲೇ ಇತ್ತು. ಗೀರುವ ಸದ್ದಿಗಾಗಿ ಆಶಾ ಕಾದಳು. ಅದು ಬರಲಿಲ್ಲ. ನೆಲದ ಮೇಲೆ ಒಂದು ಕೈ ತಡವರಿಸುತ್ತ ಬರುವುದು ಕೇಳಿಸಿತು. ಅದು ಅವಳ ಪಾದಕ್ಕೆ ತಗುಲಿ, ಹಿಡಿದುಕೊಂಡಿತು. ಬೆರಳೆಲ್ಲ ಎಣ್ಣೆ, ರೆಕ್ಕೆ.

"ಆಶಾ."

"ಇದ್ದೀನಪ್ಪ." ಬಾಯಿ ತೆರೆದೊಡನೆ ಹುಳವೊಂದು ತುಟಿಗೆ ಬಡಿಯಿತು. "ಹೊರಗಿಂದ ಫೋನ್ ತರ್ಲಾ?"

"ಬೇಡ. ಇಲ್ಲೇ ಇರು. ಮಾತಾಡ್ತಿರು."

"ಏನ್ ಮಾತಾಡ್ಲಿ?"

"ಏನಾದ್ರೂ."

ಅವಳು ಶುರುಮಾಡಿದಳು. ಶೆಟ್ಟಿಕೆರೆ ಬಸ್ಸಿನಲ್ಲಿ ಕಂಡಕ್ಟರು ಯಾರೊಂದಿಗೋ ಜಗಳವಾಡಿದ್ದು. ಕಾಯಿ ಕೀಳುವ ಶಿವಣ್ಣ ಬಂದು, ಯಾವತ್ತು ಬರಲಿ ಎಂದು ಕೇಳಲು ನಾಚಿ, ನೀರು ಕುಡಿದು ಹಾಗೇ ಹೋದದ್ದು. ಮಾತು ನಿಂತಾಗಲೆಲ್ಲ ಪಾದದ ಮೇಲಿನ ಹಿಡಿತ ಬಿಗಿಯಾಗುತ್ತಿತ್ತು. ಮೂಲೆಯಿಂದ ಕೆಂಪಕ್ಕ, "ಆ ಶಿವಣ್ಣಂಗೆ ಎರಡನೇ ಹೆಣ್ಮಗು ಆಯ್ತಂತೆ ಕಣೇ," ಎಂದು ಸೇರಿಸಿದಳು. ಹುಳ ಬಾಯಿಗೆ ಬಂದಿರಬೇಕು, ಥೂ ಎಂದಳು. ಮತ್ತೆ ಮುಂದುವರಿಸಿದಳು.

ಆ ಮಾತಿನ ನಡುವೆಯೇ ಅಪ್ಪ ಕೇಳಿದ:

"ನಿಮ್ಮಮ್ಮ ಬಾಯಿ ಬಿಡಬಾರ್ದು ಅಂತ ಸುಮ್ನಿದ್ಲೇನೋ, ಅಲ್ವಾ?"

ಅದರ ಉತ್ತರ ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ. ಪಾದದ ಮೇಲಿನ ಕೈ ಬಿಗಿಯಿತು.

"ಮಾತಾಡವ್ವ," ಎಂದ ಅಪ್ಪ.

ಅವಳು ತುಟಿಯ ಮೇಲಿನ ರೆಕ್ಕೆ ಒರೆಸಿಕೊಂಡು, ಶೆಟ್ಟಿಕೆರೆ ಬಸ್ಸಿನ ಜಗಳವನ್ನು ಮತ್ತೆ ಮೊದಲಿನಿಂದ ಹೇಳತೊಡಗಿದಳು.